ಹೊನ್ನಿಗೆ ಹತ್ತು ವರ್ಷ

ಈ ಭಾನುವಾರ ಬೆಳಗಿನಿಂದ ಮಾಡಿದ ಕೆಲಸಗಳು: ಕೋಳಿಗೂಡಿನ ಬಾಗಿಲು ತೆಗೆದೆ. ಕಣದಲ್ಲಿ ಹರವಿದ್ದ ಕಾಫಿಗೆ ಎರಡು ಸಲ ಕೈಯಾಡಿಸಿದೆ. ಇಲಿ ಕಡಿದಿದ್ದ ಟಾರ್ಪಾಲಿಗೆ ತೇಪೆ ಹಾಕಿದೆ. ಅವ್ವನ ಮಂಡಿಗೆ ಎಣ್ಣೆ ತಿಕ್ಕಿ ಅವಳನ್ನು ಬಿಸಿಲಲ್ಲಿ ಕೂರಿಸಿದೆ. ರಾತ್ರಿಯ ಕಡುಬಿಗೆ ಅಕ್ಕಿಯನ್ನು ತರಿ ಮಾಡಿಟ್ಟೆ, ಕೋಳಿ ಸಾರಿಗೆ ಮಸಾಲೆ ಹುರಿದಿಟ್ಟೆ. ಮಧ್ಯಾಹ್ನದ ಪಾತ್ರೆ ತೊಳೆದು, ಮೇಜು ಒರೆಸಿ, ಅದೇ ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಕೂತು ಹತ್ತು ವರ್ಷದ ಒಬ್ಬ ಹುಡುಗಿಯನ್ನು ಹುಟ್ಟಿಸಿದೆ. ಹೆಸರು ಹೊನ್ನಿ.

ಹುಟ್ಟಿಸಿದ್ದು ಕಾಗದದ ಮೇಲೆ. ನನ್ನ ಮಗಳು ಧನ್ಯ ಮಡಿಕೇರಿಯಲ್ಲಿ ಪ್ರೈಮರಿ ಶಾಲೆಯ ಟೀಚರ್. ಶನಿವಾರದ ಸಂಜೆ ಬಸ್ಸಿಗೆ ಸೋಮವಾರಪೇಟೆಗೆ ಬರುವಾಗ ಅದೇ ಶಾಲೆಯ ಗೆಳತಿ ನಸೀಮಾಳನ್ನೂ, ಒಂದು ಚೀಲದ ತುಂಬ ಬಣ್ಣಬಣ್ಣದ ದಾಳಗಳನ್ನೂ ಕರೆದುಕೊಂಡು ಬರುತ್ತಾಳೆ. ಇವರ ಆಟಕ್ಕೆ ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಕತೆಯೊಳಗಿನ ಒಬ್ಬೊಬ್ಬರಾಗಿ ‘ನಾನು ಬಾಗಿಲು ತಳ್ಳುತ್ತೇನೆ’, ‘ನಾನು ಓಡುತ್ತೇನೆ’ ಎನ್ನುತ್ತಾರೆ. ತಳ್ಳಿದ ಬಾಗಿಲು ತೆರೆಯಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಇಷ್ಟು ದಿನ ಅವರು ಕತ್ತಿ ಹಿಡಿದವರು, ಮಂತ್ರ ಹಾಕುವವರು ಆಗಿದ್ದರು. ನಾನು ಕಾಫಿ ತಂದಿಟ್ಟು ಲೋಟ ತೆಗೆದುಕೊಂಡು ಹೋಗುವವಳಾಗಿದ್ದೆ. ಈ ಸಲ ಧನ್ಯ ಬೇರೆ ನಿಯಮ ಮಾಡಿದ್ದಳು. ಆಡುವವರು ಯಾರೂ ಕತೆಯೊಳಗೆ ಹನ್ನೆರಡು ದಾಟಿರಕೂಡದು. ಹಾಗಾಗಿ ನಾನೂ, ನಮ್ಮ ಯಜಮಾನರೂ ಕೂರಲೇಬೇಕೆಂದು ಹಟ ಹಿಡಿದಳು. ಮಕ್ಕಳಾಗುವುದಕ್ಕೆ ಏನೂ ಕಲಿತಿರಬೇಕಾಗಿಲ್ಲವಂತೆ.

ಕಲಿತಿರಬೇಕಾಗಿಲ್ಲ ಎನ್ನುವುದು ಸುಳ್ಳು ಎಂದು ಐದೇ ನಿಮಿಷದಲ್ಲಿ ಗೊತ್ತಾಯಿತು. ಒಂದು ಮಗುವಿಗೆ ಹನ್ನೆರಡು ಅಂಕ. ಅದನ್ನು ಬಲ, ಓಟ, ಜಾಣತನ, ಮಾತು ಎಂದು ನಾಲ್ಕು ಮನೆಗಳಿಗೆ ಹಂಚಬೇಕು. ನಮ್ಮ ಯಜಮಾನರು ಹನ್ನೆರಡನ್ನೂ ಬಲಕ್ಕೇ ಸುರಿದರು. ಅವರ ಹುಡುಗ ಕಾಡೆಮ್ಮೆಯನ್ನು ಕೊಂಬು ಹಿಡಿದು ನಿಲ್ಲಿಸಬಲ್ಲ. ಆದರೆ ಮಾತಿನ ಮನೆಯಲ್ಲಿ ಸೊನ್ನೆ ಇರುವುದರಿಂದ ಆಟವಿಡೀ ಒಂದು ಅಕ್ಷರವನ್ನೂ ಆಡುವಂತಿಲ್ಲ, ಎಲ್ಲವನ್ನೂ ಕೈಸನ್ನೆಯಲ್ಲೇ ಹೇಳಬೇಕು ಎಂದು ನಸೀಮಾ ತೀರ್ಪು ಕೊಟ್ಟಳು. ಬಿಸಿಲಲ್ಲಿ ಕೂತಿದ್ದ ಅವ್ವ ಕಿಟಕಿಯಿಂದಲೇ, ಅಳಿಯಂದಿರಿಗೆ ಅದು ಹೊಸದೇನಲ್ಲ ಅಂದಳು. ನಸೀಮಾ ತನಗೆ ನಾಯಿಗಳ ಜೊತೆ ಮಾತಾಡಬಲ್ಲ ಎಂಟು ವರ್ಷದವಳನ್ನು ಮಾಡಿಕೊಂಡಳು. ನಾನು ಬಲಕ್ಕೆ ಒಂದು, ಓಟಕ್ಕೆ ಎರಡು, ಜಾಣತನಕ್ಕೆ ಮೂರು ಕೊಟ್ಟು ಉಳಿದ ಆರನ್ನೂ ಮಾತಿಗೆ ಹಾಕಿದೆ.

“ಹೊನ್ನಿ ಅನ್ನೋದು ನಿಮ್ಮನೆ ದನದ ಹೆಸರಲ್ವಾ ಅಮ್ಮ?”

“ಹೌದು. ಒಳ್ಳೆ ದನ.”

ಆಮೇಲೆ ಜೇಬಿನಲ್ಲಿ ಮೂರು ವಸ್ತು ಬರೆಯಬೇಕಿತ್ತು. ನಾನು ಒಂದು ಸೂಜಿ, ಬಾಳೆನಾರು, ಅರ್ಧ ಅಚ್ಚು ಬೆಲ್ಲ ಎಂದು ಬರೆದೆ. ಭಯ ಏನು ಎಂಬಲ್ಲಿ ಜಿಗಣೆ ಎಂದು ಬರೆದೆ. ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಈ ಮಗು ದೊಡ್ಡವರಿಂದ ಬಚ್ಚಿಟ್ಟ ಒಂದು ಸಂಗತಿ. ಅದನ್ನು ಬರೆದು, ಗಟ್ಟಿಯಾಗಿ ಓದಿ ಹೇಳಬೇಕು. ಅಲ್ಲಿ ನನ್ನ ಪೆನ್ಸಿಲ್ ನಿಂತಿತು. ಹೊನ್ನಿಯ ಗುಟ್ಟು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಯಾರಿಂದ ನಲವತ್ತು ವರ್ಷ ಅದನ್ನು ಬಚ್ಚಿಟ್ಟಿದ್ದೆನೋ ಅವಳು ಕಿಟಕಿಯಾಚೆ ಕಾಲು ನೀಡಿಕೊಂಡು ಕೂತಿದ್ದಳು.

ನನ್ನ ತವರುಮನೆ ಇಲ್ಲಿಂದ ಮೂರು ಮೈಲಿ. ಮುಂದೆ ಕಾಫಿ ಕಣ, ಅದಕ್ಕೆ ತಾಗಿ ಜಗಲಿ, ಜಗಲಿಯ ಒಳಗೆ ಉದ್ದನೆಯ ನಡುಮನೆ. ಚಳಿಗಾಲದಲ್ಲಿ ಆ ನಡುಮನೆಯ ಒಂದು ಗೋಡೆಯುದ್ದಕ್ಕೂ ಹಲಗೆಯ ಅಟ್ಟಣೆ ಹಾಕಿ ಕಾಫಿ ಚೀಲ ಪೇರಿಸುತ್ತಿದ್ದರು. ಅಟ್ಟಣೆಯ ಕೆಳಗೆ ಒಂದು ಮಗು ಹಿಡಿಸುವಷ್ಟು ಜಾಗ ಉಳಿಯುತ್ತಿತ್ತು, ಆ ಮಗು ನಾನು. ಅಲ್ಲಿ ಬೋರಲು ಮಲಗಿದರೆ ಅಡುಗೆಮನೆಯ ನೆಲವೂ, ಅದರ ಮೇಲೆ ಓಡಾಡುವ ಎರಡು ಜೊತೆ ಕಾಲುಗಳೂ ಕಾಣುತ್ತಿದ್ದವು. ಬೆಳ್ಳಿ ಕಾಲುಂಗುರದ ಚುರುಕು ಕಾಲು ಅವ್ವನದು, ಹಿಮ್ಮಡಿ ಒಡೆದ ಅಗಲದ ಕಾಲು ದೊಡ್ಡವ್ವನದು. ಅಪ್ಪನ ತಾಯಿಯನ್ನು ನಾವು ದೊಡ್ಡವ್ವ ಎನ್ನುತ್ತಿದ್ದೆವು. ಅಪ್ಪನ ಕಾಲು ಆ ನೆಲದ ಮೇಲೆ ಕಂಡದ್ದು ಕಡಿಮೆ. ಅಡುಗೆಮನೆಯಲ್ಲಿ ಸದ್ದು ಏರಿದರೆ ಅವನಿಗೆ ತೋಟದಲ್ಲಿ ಬೇಲಿ ನೆನಪಾಗುತ್ತಿತ್ತು.

ಆ ವರ್ಷ ಗೌರಿ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಪಕ್ಕದ ಮನೆಯವರು ಮಗುವಿನ ನಾಮಕರಣಕ್ಕೆ ನಮ್ಮ ಕಡುಬು ಬೇಯಿಸುವ ತಾಮ್ರದ ಪಾತ್ರೆ ಕೇಳಿಕೊಂಡು ಬಂದರು. ದೊಡ್ಡವ್ವ ಮನೆಯಲ್ಲಿರಲಿಲ್ಲ. ಅವ್ವ ಕೊಟ್ಟು ಕಳಿಸಿದಳು. ಮೂರನೇ ದಿನ ಅದು ತೊಳೆದು, ಹುಣಸೆಹಣ್ಣು ಹಾಕಿ ಬೆಳಗಿ, ಪಕ್ಕೆಯಲ್ಲಿ ಅಂಗೈಯಗಲ ತಗ್ಗು ಬಿದ್ದು ವಾಪಸು ಬಂತು. ದೊಡ್ಡವ್ವ ಆ ತಗ್ಗಿನ ಮೇಲೆ ಕೈಯಾಡಿಸಿದಳು. ಆಮೇಲೆ ಹೇಳಿದಳು:

“ಕೇಳ್ದೆ ಎತ್ತಿ ಕೊಡೋಕೆ ಇದೇನು ನಿನ್ನ ತವರಿಂದ ಬಂದಿದ್ದಾ?”

ಅವ್ವ ಒಲೆಯ ಮುಂದಿನಿಂದ ಎದ್ದೂ ನೋಡಲಿಲ್ಲ.

“ನನ್ನ ತವರಿಂದ ಬಂದಿದ್ರೆ ಇಷ್ಟು ತೆಳ್ಳಗಿರ್ತಿರ್ಲಿಲ್ಲ.”

ಅಷ್ಟೇ. ಅಲ್ಲಿಂದ ಹುತ್ತರಿ ಹಬ್ಬದವರೆಗೆ, ಸುಮಾರು ಮೂರು ತಿಂಗಳು, ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿಕೊಂಡು ಕೆಲಸ ಮಾಡುವ ಆ ಇಬ್ಬರು ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಆಡಬೇಕಾದದ್ದನ್ನೆಲ್ಲ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಎರಡು ಮಾರು ದೂರದಲ್ಲಿ ನಿಂತವಳಿಗೆ ಕೇಳುವಂತೆಯೇ ದೊಡ್ಡವ್ವ, ಸಾರಿಗೆ ಹುಳಿ ಸಾಲದು ಅಂತ ನಿಮ್ಮವ್ವಂಗೆ ಹೇಳೇ, ಎನ್ನುವಳು. ನಾನು ಎರಡು ಹೆಜ್ಜೆ ನಡೆದು ಅವ್ವನಿಗೆ ಹೇಳಬೇಕು. ಹುಳಿ ಬೇಕಾದವರು ಹಾಕ್ಕೊಳ್ಳಲಿ ಅಂತ ಹೇಳು, ಎಂದು ಅವ್ವ. ನಾನು ಮತ್ತೆ ಎರಡು ಹೆಜ್ಜೆ ತಿರುಗಬೇಕು. ಕೇಳಿಸಿತ್ತಲ್ಲ ಎಂದು ಹೇಳದೆ ನಿಂತರೆ ಇಬ್ಬರೂ ನನ್ನನ್ನೇ ಕಾಯುತ್ತಿದ್ದರು. ನಾನು ಹೇಳುವವರೆಗೆ ಅದು ಹೇಳಿದಂತಲ್ಲ.

ಹತ್ತು ವರ್ಷದವಳಿಗೆ ಅದರಷ್ಟು ದೊಡ್ಡ ಪದವಿ ಬೇರೆ ಸಿಗದು. ನಾನಿಲ್ಲದೆ ಆ ಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿರಲಿಲ್ಲ. ಶಾಲೆಯಿಂದ ಬರುವಷ್ಟರಲ್ಲಿ ಇಬ್ಬರ ಬಳಿಯೂ ಮಾತು ಗುಡ್ಡೆ ಬಿದ್ದಿರುತ್ತಿತ್ತು. ಚೀಲ ಇಳಿಸುವ ಮೊದಲೇ ಇವಳೊಂದು ಕಡೆ, ಅವಳೊಂದು ಕಡೆ ಕರೆಯುವರು. ಆದರೆ ಮಲಗುವ ಹೊತ್ತಿಗೆ ನನಗೆ ಹೆದರಿಕೆಯಾಗುತ್ತಿತ್ತು. ನಾನು ನಿದ್ದೆ ಹೋದ ಮೇಲೆ ಯಾರಾದರೂ ಏನಾದರೂ ಅಂದುಬಿಟ್ಟರೆ ತಡೆಯುವವರು ಯಾರು ಎಂದು ಎಲ್ಲರೂ ಮಲಗುವವರೆಗೆ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದೆ. ಆ ಅಭ್ಯಾಸ ಹಾಗೇ ಉಳಿಯಿತು. ಈ ಮನೆಗೆ ಬಂದ ಇಷ್ಟು ವರ್ಷಗಳಲ್ಲೂ ಕೊನೆಗೆ ಮಲಗುವವಳು ನಾನೇ.

ಮಾತನ್ನು ಸಾಗಿಸುತ್ತ ಸಾಗಿಸುತ್ತ ಅದರ ಮುಳ್ಳು ಕಿತ್ತುಕೊಡಬಹುದು ಎಂದು ಕಂಡುಕೊಂಡೆ. ಒಬ್ಬರು ಹಿತ್ತಲಲ್ಲಿ, ಇನ್ನೊಬ್ಬರು ಒಳಗೆ ಇದ್ದಾಗ ಅದು ಸುಲಭ. ಆಮೇಲೆ ಯಾರೂ ಹೇಳದ ಮಾತನ್ನೂ ಒಯ್ಯತೊಡಗಿದೆ. ಆಮೇಲೆ ಹೂವು. ನಮ್ಮ ಬಚ್ಚಲಿನ ಗೋಡೆಗೆ ಹಬ್ಬಿದ್ದ ಕಾಕಡದ ಬಳ್ಳಿ ದೊಡ್ಡವ್ವನದು. ಅದರ ಮೊಗ್ಗನ್ನು ಅವಳೊಬ್ಬಳೇ ಬಿಡಿಸಬೇಕು, ಅವಳೇ ಕಟ್ಟಬೇಕು, ದೇವರಿಗೆ ಇಟ್ಟು ಉಳಿದದ್ದು ಅವಳ ತುರುಬಿಗೆ. ಒಂದು ಸಂಜೆ ನಾನು ಕೈಗೆ ಎಟುಕಿದಷ್ಟು ಬಿಡಿಸಿ, ಬಾಳೆನಾರಿನಲ್ಲಿ ಓರೆಕೋರೆಯಾಗಿ ಕಟ್ಟಿ, ದೊಡ್ಡವ್ವ ಕೊಟ್ಟಳು ಎಂದು ಅವ್ವನಿಗೆ ಕೊಟ್ಟೆ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಏನೂ ಕೇಳದೆ ಮುಡಿದಳು. ಮಾರನೇ ದಿನವೂ ಕೊಟ್ಟೆ. ಹೀಗೆ ದಿನವೂ ಆಯಿತು. ನನಗೆ ನನ್ನ ಕಳ್ಳತನದ ಬಗ್ಗೆ ಬಹಳ ಹೆಮ್ಮೆ. ದೊಡ್ಡವ್ವನ ಕಣ್ಣು ಮಂದವಾಗಿರಬೇಕು, ಕೆಳಗಿನ ಕೊಂಬೆಗಳ ಮೊಗ್ಗು ಅವಳಿಗೆ ಕಾಣುವುದೇ ಇಲ್ಲ ಅಂದುಕೊಂಡೆ. ಅವಳು ಬಿಡಿಸಿ ಹೋದ ಮೇಲೂ ಅಲ್ಲಿ ನನ್ನ ಬೊಗಸೆ ತುಂಬುವಷ್ಟು ಉಳಿದೇ ಇರುತ್ತಿತ್ತು.

ಹುತ್ತರಿಯ ದಿನ ಬಂತು. ಹೊಸ ಕದಿರು ಮನೆಗೆ ತರುವ ಹಬ್ಬಕ್ಕೆ ತಂಬಿಟ್ಟು ಆಗಲೇಬೇಕು, ತಂಬಿಟ್ಟು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಕಳಿತ ಬಾಳೆಹಣ್ಣನ್ನು ಮೊಣಕೈವರೆಗೆ ಕೈಯಿಟ್ಟು ಕಿವುಚುತ್ತಿರಬೇಕು. ಇನ್ನೊಬ್ಬರು ಹುರಿದ ಅಕ್ಕಿಯ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಿರಬೇಕು. ಸಾಕು ಎಂದ ಗಳಿಗೆಗೆ ಕೈ ನಿಲ್ಲಬೇಕು. ಕಿವುಚಲು ದೊಡ್ಡವ್ವ ಕೂತಳು, ಹಿಟ್ಟು ಹಿಡಿದು ಅವ್ವ ನಿಂತಳು, ನಡುವೆ ನಾನು. ಇನ್ನು ಹಾಕಬೇಕಾ ಕೇಳು ಎಂದು ಅವ್ವ. ನಾನು ದೊಡ್ಡವ್ವನನ್ನು ಕೇಳಿದೆ. ಹಾಕಲಿ ಎಂದಳು. ನಾನು ಅವ್ವನಿಗೆ ಹೇಳಿದೆ. ಹಿಟ್ಟು ಬಿತ್ತು. ಸಾಕು ಅನ್ನು ಎಂದಳು ದೊಡ್ಡವ್ವ. ಅವಳ ‘ಸಾಕು’ ಅವ್ವನ ಕಿವಿಗೆ ನೇರವಾಗಿಯೇ ಬಿದ್ದಿತ್ತು. ಆದರೆ ನಾನು ಹೇಳುವವರೆಗೆ ಅದು ಹೇಳಿದಂತಲ್ಲವಲ್ಲ. ಅದೇ ಹೊತ್ತಿಗೆ ಹೊಗೆ ಕುಡಿದು ನನಗೆ ಕೆಮ್ಮು ಬಂತು. ನಾನು ಕೆಮ್ಮಿ ಮುಗಿಸಿ ‘ಸಾಕಂತೆ’ ಎನ್ನುವಷ್ಟರಲ್ಲಿ ಮೊರದ ಹಿಟ್ಟೆಲ್ಲ ಒಳಗೆ ಬಿದ್ದಾಗಿತ್ತು. ದೊಡ್ಡವ್ವ ಒಂದು ಉಂಡೆ ಎತ್ತಿ ನೆಲಕ್ಕೆ ಕುಟ್ಟಿದಳು. ಟಕ್ ಎಂದಿತು.

ನಾನು ನೇರ ಅಟ್ಟಣೆಯ ಕೆಳಗೆ. ಹಬ್ಬದ ದಿನ ಮನೆಯ ತಂಬಿಟ್ಟು ಕಲ್ಲಾದದ್ದು ನನ್ನಿಂದ ಎಂದು ಕಿವಿ ಹಿಡಿದುಕೊಂಡು ಮಲಗಿದೆ. ನಾಲ್ಕು ಪಾದಗಳೂ ಅಲುಗಾಡಲಿಲ್ಲ. ದೊಡ್ಡವ್ವನ ಎರಡೂ ಕೈಗೆ ಹಣ್ಣು ಮೆತ್ತಿತ್ತು, ಗೊನೆಯ ಕಡೆ ಕೈ ಚಾಚುವ ಹಾಗಿರಲಿಲ್ಲ. ನಡುವೆ ನಾನೂ ಇರಲಿಲ್ಲ. ಕೊನೆಗೆ ಅವಳು ಗಂಟಲು ಸರಿಮಾಡಿಕೊಂಡಳು.

“ಇನ್ನು ನಾಕು ಹಣ್ಣು ಸುಲಿ, ಸಾವಿತ್ರಿ.”

ಬೆಳ್ಳಿಯುಂಗುರದ ಕಾಲುಗಳು ಗೊನೆಯ ಕಡೆ ನಡೆದವು. ನಾಲ್ಕು ಹಣ್ಣು ಸಾಲಲಿಲ್ಲ, ಹತ್ತು ಸುಲಿದರು. ಇಬ್ಬರಿಗೂ ನಗು ಬರುತ್ತಿತ್ತು, ಇಬ್ಬರೂ ತೋರಿಸದೆ ಕೆಮ್ಮುತ್ತಿದ್ದರು. ನಾನು ಖುಷಿಯಿಂದ ಹೊರಗೆ ತೆವಳಬೇಕು ಅನ್ನುವಷ್ಟರಲ್ಲಿ ಅವ್ವ ಹೇಳಿದಳು:

“ಮಾತಾಡ್ದಿದ್ರೂ ದಿನಾ ಹೂ ಕಳಿಸ್ತಿದ್ರಲ್ಲ, ಅತ್ತೆ.”

ಉತ್ತರ ಕೇಳಲು ನಾನು ಅಲ್ಲಿರಲಿಲ್ಲ. ಅಟ್ಟಣೆಯ ಇನ್ನೊಂದು ತುದಿಯಿಂದ ಜಗಲಿಗೆ, ಜಗಲಿಯಿಂದ ಕಣಕ್ಕೆ, ಕಣದಿಂದ ದನದ ಕೊಟ್ಟಿಗೆಗೆ ಓಡಿ ಹೊನ್ನಿಯ ಹೊಟ್ಟೆಗೆ ಒರಗಿ ಕೂತೆ. ಇವತ್ತಲ್ಲ ನಾಳೆ ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಮದುವೆಯಾಗಿ ಹೊರಡುವಾಗ ದೊಡ್ಡವ್ವ ಆ ತಗ್ಗು ಬಿದ್ದ ಪಾತ್ರೆಯನ್ನೇ ನನ್ನ ಕೈಗೆ ಕೊಟ್ಟಳು, ಆಗಲೂ ಕೇಳಲು ಬಾಯಿ ಬರಲಿಲ್ಲ. ಆಮೇಲೆ ದೊಡ್ಡವ್ವ ಹೋದಳು. ಅವಳು ಅವತ್ತು ಅವ್ವನಿಗೆ ಏನು ಹೇಳಿದಳು, ನನ್ನ ಸುಳ್ಳು ಅವರಿಬ್ಬರ ನಡುವೆ ಹೇಗೆ ಬಯಲಾಯಿತು, ಅವ್ವನ ಮನಸ್ಸಿನಲ್ಲಿ ನಾನು ಯಾವ ತರದ ಮಗಳಾಗಿ ಉಳಿದೆ ಎಂಬುದು ಕಡುಬು ಮಾಡುವ ದಿನವೆಲ್ಲ ಒಂದು ಸಲ ನನ್ನ ತಲೆಯೊಳಗೆ ಬಂದು ಹೋಗುತ್ತಿತ್ತು.

ಇಷ್ಟನ್ನು ಕಾಗದದ ಆ ಒಂದು ಸಾಲಿನಲ್ಲಿ ಬರೆಯಲಾಗದೆ, ‘ಹೊನ್ನಿ ಒಬ್ಬರ ಬಳ್ಳಿಯ ಹೂ ಕದ್ದು, ಅವರೇ ಕೊಟ್ಟರು ಎಂದು ಅವ್ವನಿಗೆ ಕೊಡುತ್ತಿದ್ದಳು’ ಎಂದು ಬರೆದೆ. ಧನ್ಯ ಗಟ್ಟಿಯಾಗಿ ಓದಲು ಹೇಳಿದಳು. ಓದಿದೆ. ದನಿ ನನಗೇ ಬೇರೆಯವರದ್ದು ಅನ್ನಿಸಿತು. ನಸೀಮಾ ಒಳ್ಳೆ ಗುಟ್ಟು ಆಂಟಿ ಎಂದಳು. ಆಮೇಲೆ ಕೋಲು ಊರುತ್ತ ಅವ್ವ ಒಳಗೆ ಬಂದು ನನ್ನ ಪಕ್ಕದ ಕುರ್ಚಿ ಎಳೆದುಕೊಂಡಳು.

“ಓಡಿಹೋದ್ಯಲ್ಲ ನೀನು ಅವತ್ತು,” ಎಂದಳು. “ಪೂರ್ತಿ ಕೇಳ್ಕೊಂಡು ಓಡ್ಬಾರ್ದಿತ್ತಾ?”

ನಾನು ಪೆನ್ಸಿಲಿನ ತುದಿ ನೋಡುತ್ತ ಕೂತೆ. ಮಾತಿಗೆ ಆರು ಅಂಕ ಕೊಟ್ಟವಳು.

“ಅತ್ತೆ ಒಂದು ಗಳಿಗೆ ನನ್ನ ತಲೆ ನೋಡಿದ್ರು. ಹೂ ಇತ್ತಲ್ಲ. ‘ಹೂಂ ಕಣೆ, ಕಳಿಸ್ತಿದ್ದೆ, ಬಳ್ಳೀಲೇ ಒಣಗೋ ಬದ್ಲು ಅಂತ,’ ಅಂದ್ರು. ನಾನೂ ನಂಬಿದ್ದೆ. ನಿನ್ನ ಮದ್ವೆ ಆದ್ಮೇಲೆ ಒಂದಿನ ಸೊಪ್ಪು ಬಿಡಿಸ್ತಾ ಕೂತಾಗ ಹೇಳಿದ್ರು. ‘ನಾನೆಲ್ಲಿ ಕಳಿಸಿದ್ದೆ ಸಾವಿತ್ರಿ, ನಿನ್ನ ಮಗಳು ಕದೀತಿದ್ಲು. ಮೊದ್ಲ ದಿನ ನೋಡ್ದಾಗ ಕೈಗೆ ಬರೆ ಹಾಕ್ಬೇಕು ಅನ್ನಿಸ್ತು. ಮಾರ್ನೇ ದಿನದಿಂದ ಕೆಳಗಿನ ಕೊಂಬೇದು ಬಿಡಿಸೋದೇ ಬಿಟ್ಟೆ. ಮಗೀಗೆ ಎಟುಕ್ಲಿ ಅಂತ.’”

ಇಷ್ಟು ವರ್ಷ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ನೀನೇ ಹೇಳ್ತೀಯ ಅಂತ ಸುಮ್ನಿದ್ದೆ. ಸರಿ, ನಂಗೂ ಒಂದು ಕಾಗದ ಕೊಡ್ರವ್ವ.”

ಅವಳ ಕಣ್ಣಿಗೆ ಸಣ್ಣ ಅಕ್ಷರ ಕಾಣದೆಂದು ಧನ್ಯ ಬರೆದುಕೊಂಡಳು. ಅಜ್ಜಿ, ನಿಮ್ಮ ಮಗೀಗೆ ಎಷ್ಟು ವರ್ಷ ಎಂದು ಕೇಳಿದಳು. ಹನ್ನೆರಡು ಎಂದಳು ಅವ್ವ. ಹೆಸರು ದೇವಿ. ದೊಡ್ಡವ್ವನ ಹೆಸರು ದೇವಮ್ಮ. ನನಗೆ ತಟ್ಟನೆ ಗೊತ್ತಾಯಿತು. ಧನ್ಯಳಿಗೆ ಆಗಲಿಲ್ಲ, ಜೇಬಿನಲ್ಲಿ ಏನಿದೆ ಎಂದು ಕೇಳಿದಳು. ಆ ಕಾಲದ ಹುಡುಗಿಗೆ ಜೇಬು ಎಲ್ಲಿಂದ ಬರಬೇಕು, ತಲೆಯ ಮೇಲೆ ಒಂದು ತಾಮ್ರದ ಪಾತ್ರೆ ಇದೆ ಎಂದು ಬರಕೋ ಎಂದಳು ಅವ್ವ. ಮದುವೆ ಮಾಡಿ ಕಳಿಸುವಾಗ ಅದೊಂದನ್ನೇ ಕೊಟ್ಟು ಕಳಿಸಿದ್ದರಂತೆ. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಾಕಡದ ಒಂದು ಕಡ್ಡಿ. ಹನ್ನೆರಡು ವರ್ಷದವಳು ಅದನ್ನು ಹೊತ್ತುಕೊಂಡು ದಿಬ್ಬ ಹತ್ತಿ ಇಳಿದು ಬಂದು, ಗಂಡನ ಮನೆಯ ಬಚ್ಚಲ ಗೋಡೆಗೆ ಕಡ್ಡಿ ನೆಟ್ಟು, ಅದು ಚಿಗುರುವವರೆಗೆ ದಿನಾ ಅದರ ಮುಂದೆ ಅಳುತ್ತಿದ್ದಳಂತೆ. ‘ತೆಳ್ಳಗೆ’ ಎಂದು ತಾನು ಹಂಗಿಸಿದ ಪಾತ್ರೆ ಅದು ಎಂದು ಅವ್ವನಿಗೂ ಗೊತ್ತಾದದ್ದು ಅದೇ ಸೊಪ್ಪು ಬಿಡಿಸಿದ ದಿನವಂತೆ. ನಾನು ಅಡುಗೆಮನೆಯ ಕಡೆ ನೋಡಿದೆ. ಪಾತ್ರೆ ಗ್ಯಾಸ್ ಒಲೆಯ ಪಕ್ಕ ತಗ್ಗಿನ ಮಗ್ಗುಲನ್ನು ಈ ಕಡೆಗೇ ತಿರುಗಿಸಿ ಕೂತಿತ್ತು.

ಆಮೇಲೆ ಆಟ ಶುರುವಾಯಿತು. ಧನ್ಯಳ ಕತೆಯಲ್ಲಿ ಮುಚ್ಚಿಹೋದ ಒಂದು ಶಾಲೆ, ಅಲ್ಲಿ ತಾನಾಗಿ ಬಾರಿಸುವ ಗಂಟೆ. ನಸೀಮಾಳ ಹುಡುಗಿ ಶಾಲೆಯ ನಾಯಿಯ ಹತ್ತಿರ ವಿಚಾರಿಸಿಕೊಂಡು ಬಂದಳು. ನಮ್ಮ ಯಜಮಾನರ ಹುಡುಗ ಗೇಟನ್ನು ಕಿತ್ತೇ ಬಿಟ್ಟ, ಯಾಕೆ ಕಿತ್ತೆ ಎಂದು ವಾಚ್‌ಮನ್ ಕೇಳಿದರೆ ಉತ್ತರ ಹೇಳಲಾಗದೆ ಕೈ ತಿರುವುತ್ತ ನಿಂತ. ನಾವೆಲ್ಲ ನಕ್ಕು ನಕ್ಕು ಕಾಫಿಗೆ ಮೂರನೇ ಸಲ ಕೈಯಾಡಿಸುವುದು ಮರೆತೆವು. ಕೊನೆಗೆ ಗಂಟೆಯ ಹಗ್ಗ ಒಂದು ಮರದ ಕೊಂಬೆಗೆ ಸಿಕ್ಕಿಕೊಂಡಿತ್ತು. ಹೊನ್ನಿ ಅದನ್ನು ಬಿಡಿಸಬೇಕು. ನಾನು ದಾಳ ಹಾಕಿದೆ. ಎರಡು ಬಿತ್ತು.

“ಎಟುಕಲಿಲ್ಲ ಅಮ್ಮ,” ಎಂದಳು ಧನ್ಯ.

“ದೇವಿ ಕೊಂಬೆ ಬಗ್ಗಿಸಿ ಹಿಡ್ಕೊತಾಳೆ,” ಎಂದಳು ಅವ್ವ.

“ಅದಕ್ಕೂ ದಾಳ ಹಾಕ್ಬೇಕು ಅಜ್ಜಿ.”

“ಅದಕ್ಕ್ಯಾಕೆ ದಾಳ? ಬಗ್ಗಿಸ್ತಾಳೆ ಅಂದ್ನಲ್ಲ.”

ಧನ್ಯ ಒಂದು ಕ್ಷಣ ಅಜ್ಜಿಯನ್ನೂ ನನ್ನನ್ನೂ ನೋಡಿ, ದಾಳವನ್ನು ಚೀಲಕ್ಕೆ ಹಾಕಿದಳು. ಹೊನ್ನಿಗೆ ಎಟುಕಿತು ಎಂದಳು.

ಸಂಜೆ ಎಲ್ಲರೂ ಸೇರಿ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದೆವು. ರಾತ್ರಿಗೆ ಕಡುಬು, ಕೋಳಿ ಸಾರು, ಒಂದಿಷ್ಟು ನಿಂಬೆ ಉಪ್ಪಿನಕಾಯಿ. ಪಾತ್ರೆಯ ತಗ್ಗಿನ ಪಕ್ಕಕ್ಕೆ ತಾಗಿ ಬೆಂದ ಕಡುಬು ಎಂದಿನಂತೆ ಚಪ್ಪಟೆಯಾಗಿಯೇ ಬಂತು, ಅದನ್ನು ಅವ್ವ ಕೇಳಿ ಹಾಕಿಸಿಕೊಂಡಳು. ನಸೀಮಾ ಎಂಟು ತಿಂದಳು, ನಮ್ಮ ಯಜಮಾನರು ಎಷ್ಟು ಬೇಕೆಂದು ಕೈಸನ್ನೆಯಲ್ಲೇ ತೋರಿಸಿ ಹನ್ನೊಂದು ತಿಂದರು. ಕೋಳಿಗೂಡಿನ ಅಗಳಿ ಹಾಕಿದ್ದು, ಹಿಂಬಾಗಿಲು ಮುಚ್ಚಿದ್ದು, ದೀಪ ಆರಿಸಿದ್ದು ಎಲ್ಲ ಅವ್ವನೇ ಅಂತೆ. ನನಗೆ ಗೊತ್ತಾದದ್ದು ಬೆಳಿಗ್ಗೆ. ಮೊದಲು ಮಲಗಿದವಳು ನಾನು.